ಹಾಕಿ ತಂಡಕ್ಕೆ ನಾನು ಆರಿಸಿಕೊಟ್ಟವರು

ಅಟ್ಲಾಂಟಾಕ್ಕೆ ಹೊಸದಾಗಿ ಐಸ್ ಹಾಕಿ ತಂಡ ಬಂದ ವರ್ಷ, ಬೇಸಿಗೆಯ ಪ್ರತಿ ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಮೂವರು ಗಂಡಸರು ಕೂತು ಆ ತಂಡ ಕಟ್ಟುತ್ತಿದ್ದರು. ಅವರಲ್ಲಿ ಇಬ್ಬರು ಮಂಜುಗಡ್ಡೆಯನ್ನು ಶರಬತ್ತಿನ ಲೋಟದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಮೂರನೆಯವರು ನನ್ನ ಗಂಡ. ಅವರು ನೋಡಿದ್ದರು, ಕಾರಿನ ಗಾಜಿನ ಮೇಲಿಂದ ಬೈದುಕೊಂಡು ಕೆರೆದು ತೆಗೆಯುವಾಗ.

ಇವರಿಗೆ ಹಾಕಿ ಹುಚ್ಚು ಹಿಡಿದದ್ದು ಆಫೀಸಿನಿಂದ. ಅವರ ಮ್ಯಾನೇಜರ್ ಅಮೆರಿಕದ ಉತ್ತರದ ಕಡೆಯವನು, ಹಾಕಿ ಅಂದರೆ ಪ್ರಾಣ ಬಿಡುತ್ತಿದ್ದ. ಅವನು ಇಡೀ ಸೀಸನ್ನಿನ ಟಿಕೆಟ್ ತೆಗೆದುಕೊಂಡ ಅಂತ ಸುದ್ದಿ ಬಂದದ್ದೇ ತಡ, ಅವನ ಕೈಕೆಳಗಿನ ಸಾಫ್ಟ್‌ವೇರ್ ಇಂಜಿನಿಯರುಗಳೆಲ್ಲ ಹುಟ್ಟಿದಾಗಿನಿಂದ ಹಾಕಿ ಭಕ್ತರಾಗಿಬಿಟ್ಟರು. ಸಾಹೇಬರಿಗೆ ನೆಗಡಿಯಾದರೆ ಇವರು ಸೀನುವ ಪೈಕಿ. ಅದಕ್ಕೊಂದು ಸಮರ್ಥನೆಯೂ ಇತ್ತು. ಹಾಕಿ ನಮ್ಮ ರಾಷ್ಟ್ರೀಯ ಆಟ, ನಾವು ಹುಲ್ಲಿನ ಮೇಲೆ ಆಡುತ್ತೇವೆ, ಇವರು ಐಸಿನ ಮೇಲೆ ಆಡುತ್ತಾರೆ, ಅಷ್ಟೇ ವ್ಯತ್ಯಾಸ ಎಂದು ಮೈಸೂರಿನವರೊಬ್ಬರು ಹೇಳುತ್ತಿದ್ದರು. ಬಾವಿಯಲ್ಲಿ ನೀರಿದೆ, ಸಮುದ್ರದಲ್ಲೂ ನೀರಿದೆ, ಅನ್ನುವಂಥ ಜ್ಞಾನ.

ಈ ಮೈಸೂರಿನವರು ನನ್ನ ಗಂಡನಿಗಿಂತ ಸೀನಿಯರ್. ಇನ್ನೊಬ್ಬ ಬಸವನಗುಡಿಯ ಬ್ರಹ್ಮಚಾರಿ, ನನ್ನನ್ನು ಅತ್ತಿಗೆ ಅನ್ನುತ್ತಿದ್ದ, ಭಾನುವಾರಕ್ಕೂ ಆಗುವಷ್ಟು ಸಾರು ಡಬ್ಬಿಯಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದ.

ಹೊಸ ತಂಡಕ್ಕೆ ಆಟಗಾರರನ್ನು ಕೊಡುವ ಕ್ರಮ ಹೀಗಿತ್ತು. ಪ್ರತಿ ಹಳೆಯ ತಂಡವೂ ತನಗೆ ಬೇಕಾದವರನ್ನು ಭದ್ರವಾಗಿ ಇಟ್ಟುಕೊಂಡು ಉಳಿದವರ ಹೆಸರನ್ನು ಹೊರಗೆ ಹಾಕುತ್ತದೆ. ಹೀಗೆ ಹೊರಗೆ ಬಿದ್ದವರಲ್ಲಿ ತಂಡಕ್ಕೊಬ್ಬರಂತೆ ಹೊಸಬರು ಎತ್ತಿಕೊಳ್ಳಬೇಕು. ಬೇರೆ ಮನೆ ಮಾಡುವ ಸೊಸೆಗೆ ಅತ್ತೆ ಅಟ್ಟದ ಮೇಲಿನ ಪಾತ್ರೆ ತೋರಿಸಿ ಯಾವುದು ಬೇಕೋ ತಗೋ ಅಂದ ಹಾಗೆ. ತೂತಿಲ್ಲದ್ದನ್ನು ಹುಡುಕಿ ತೆಗೆಯುವುದೇ ಜಾಣತನ.

ನಮ್ಮ ಮೂವರು ಹುಡುಕುತ್ತಿದ್ದುದು ಫಳಫಳ ಹೊಳೆಯುವುದನ್ನು. ಆಫೀಸಿನ ಪ್ರಿಂಟರಿನಲ್ಲಿ ಆ ಪಟ್ಟಿಯನ್ನು ಪ್ರಿಂಟ್ ಮಾಡಿಕೊಂಡು ಬಂದು, ಟೀಪಾಯಿಯ ಮೇಲೆ ಹರಡಿ, ಯಾರು ಎಷ್ಟು ಗೋಲು ಹೊಡೆದಿದ್ದಾರೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ರಣಜಿ ತಂಡ ಆರಿಸುವವರ ಗತ್ತು. ಇವನು ಫಾರ್ಮಿನಲ್ಲಿಲ್ಲ, ಅವನು ಎಡಗೈಯವನು, ಒಬ್ಬ ಎಡಗೈಯವನು ಇದ್ದರೆ ಒಳ್ಳೆಯದು. ಎಡಗೈಯವನು ಇದ್ದರೆ ಯಾಕೆ ಒಳ್ಳೆಯದು ಅಂತ ಕೇಳಿದರೆ ಮೂವರಿಗೂ ಗೊತ್ತಿರಲಿಲ್ಲ. ಗೋಲ್‌ಕೀಪರನ ವಿಷಯ ಬಂದಾಗ ಮೈಸೂರಿನವರು, ಯಾರೋ ಒಬ್ಬನನ್ನು ಹಾಕಿಕೊಂಡರಾಯಿತು, ನಿಂತುಕೊಳ್ಳುವುದು ತಾನೇ ಅವನ ಕೆಲಸ, ಎಂದು ಮುಂದಿನ ಹಾಳೆಗೆ ಹೋದರು.

ನನಗೆ ಹಾಕಿ ಗೊತ್ತಿತ್ತು. ಇದನ್ನು ಜಂಬದಿಂದ ಹೇಳುತ್ತಿಲ್ಲ, ಬೇರೆ ಕೆಲಸವಿಲ್ಲದೆ ಕಲಿತದ್ದು. ಮದುವೆಯಾದ ಮೇಲೆ ಮೊದಲ ಎರಡು ವರ್ಷ ನಾವು ಮಿನೆಸೋಟಾದಲ್ಲಿದ್ದೆವು. ಊರಿನಲ್ಲಿ ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಕೆಲಸ ಮಾಡುವ ಹಕ್ಕಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ಪಕ್ಕದ ಮನೆಯಲ್ಲಿ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಮುದುಕಿಯೊಬ್ಬಳಿದ್ದಳು. ಸ್ವೆಟರ್ ಹೆಣೆಯುತ್ತಾ ಒಂದು ಮ್ಯಾಚನ್ನೂ ಬಿಡದೆ ನೋಡುತ್ತಿದ್ದಳು. ಅವಳ ಜೊತೆ ಕೂತು ಕೂತು ಎರಡು ಚಳಿಗಾಲದಲ್ಲಿ ನನಗೆ ಸ್ವೆಟರ್ ಹೆಣೆಯಲು ಬರಲಿಲ್ಲ, ಹಾಕಿ ಬಂತು. ಗೋಲು ಹೊಡೆದವನನ್ನು ನೋಡಬೇಡ, ಪಕ್ ಅನ್ನುವ ರಬ್ಬರ್ ಬಿಲ್ಲೆ ಹತ್ತಿರವಿಲ್ಲದವನು ಏನು ಮಾಡುತ್ತಿದ್ದಾನೆ ಅದನ್ನು ನೋಡು ಅನ್ನುತ್ತಿದ್ದಳು. ಅಟ್ಲಾಂಟಾಕ್ಕೆ ಬಂದ ಮೇಲೂ ಸಿಕ್ಕಿದ ಮ್ಯಾಚುಗಳನ್ನೆಲ್ಲ ಒಬ್ಬಳೇ ನೋಡುತ್ತಿದ್ದೆ. ನನ್ನ ಗಂಡ ಅದನ್ನು ಟೈಮ್‌ಪಾಸ್ ಅಂದುಕೊಂಡಿದ್ದರು.

ಒಂದು ಶನಿವಾರ ಮೆಣಸಿನಕಾಯಿ ಬಜ್ಜಿ ತಂದಿಟ್ಟವಳು ತಡೆಯಲಾರದೆ ಬಾಯಿಬಿಟ್ಟೆ. ಮೊದಲು ಇಬ್ಬರು ಒಳ್ಳೆಯ ಗೋಲ್‌ಕೀಪರುಗಳನ್ನು ತೆಗೆದುಕೊಳ್ಳಬೇಕು, ಆಮೇಲೆ ಡಿಫೆನ್ಸಿನವರನ್ನು, ಹೊಸ ತಂಡ ಹೇಗೂ ದಿನಾ ಹೊಡೆಸಿಕೊಳ್ಳುತ್ತದೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ ಗೋಲು ಹೊಡೆಯುವವರ ಹಿಂದೆ ಬಿದ್ದರೆ ಏನು ಪ್ರಯೋಜನ, ಎಂದೆ. ಹಾಳೆಯ ಕೊನೆಯಲ್ಲಿದ್ದ ಒಂದು ಹೆಸರನ್ನೂ ತೋರಿಸಿದೆ. ವಯಸ್ಸಾದ ಡಿಫೆನ್ಸ್ ಆಟಗಾರ, ಗೋಲು ಅವನ ಜಾತಕದಲ್ಲೇ ಇರಲಿಲ್ಲ.

ಮೈಸೂರಿನವರು ಅವನ ಅಂಕಿ ಅಂಶ ನೋಡಿ, ನಮ್ಮ ಹನ್ನೊಂದನೇ ಬ್ಯಾಟ್ಸ್‌ಮನ್ ಇವನಿಗಿಂತ ವಾಸಿ ಎಂದರು. ಬ್ರಹ್ಮಚಾರಿ ಬಜ್ಜಿ ಬಾಯಲ್ಲಿಟ್ಟುಕೊಂಡೇ, "ಅತ್ತಿಗೆ, ಇದು ಕುಂಟೆಬಿಲ್ಲೆ ಅಲ್ಲ," ಎಂದ. ಮೂವರೂ ನಕ್ಕರು. ನನ್ನ ಗಂಡ ಸ್ವಲ್ಪ ಹೆಚ್ಚೇ ನಕ್ಕರು. ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಆ ಹಿತ್ತಲ ಗಿಡದ ಮೆಣಸಿನಕಾಯಿ ಮಾತ್ರ ಇವರಿಗೆ ಎರಡೆರಡು ಪ್ಲೇಟು ಬೇಕಿತ್ತು. ಅಡಿಗೆಮನೆಗೆ ಹೋಗಿ ಎರಡನೇ ಒಬ್ಬೆ ಕರಿಯದೆ ಒಲೆ ಆರಿಸಿದೆ. ಎಣ್ಣೆ ಮುಗಿಯಿತು ಅಂತ ಹೇಳಿದೆ.

ಆಮೇಲೆ ಬಂದದ್ದು ಮ್ಯಾನೇಜರನ ಫರ್ಮಾನು. ಗುಂಪಿನಲ್ಲಿರುವ ಪ್ರತಿಯೊಬ್ಬರೂ ಹೊಸ ತಂಡ ಯಾರು ಯಾರನ್ನು ಆರಿಸಬಹುದು ಅಂತ ಪಟ್ಟಿ ಬರೆದು ಅವನ ಕೈಗೆ ಕೊಡಬೇಕು. ಆರಿಸುವ ದಿನ ಎಲ್ಲರೂ ಹೆಂಡತಿಯರ ಸಮೇತ ಅವನ ಮನೆಗೆ ಬರಬೇಕು, ಟಿವಿಯಲ್ಲಿ ಒಟ್ಟಿಗೆ ನೋಡೋಣ, ಯಾರ ಪಟ್ಟಿ ಹೆಚ್ಚು ಸರಿಯೋ ಅವರಿಗೆ ತಂಡದ ಟೋಪಿ.

ನಗುವ ವಿಷಯವೇ. ಆದರೆ ಅದೇ ತಿಂಗಳು ಇನ್ನೊಂದು ಪಟ್ಟಿಯೂ ತಯಾರಾಗುತ್ತಿತ್ತು. ಕಂಪನಿ ಆ ವರ್ಷ ಕೆಲವರಿಗೆ ಮಾತ್ರ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುತ್ತದೆ, ಯಾರಿಗೆ ಅನ್ನುವುದನ್ನು ಹೇಳುವವನು ಇದೇ ಮ್ಯಾನೇಜರ್. ನನ್ನ ಗಂಡನಿಗೆ ಅದು ಕಾರ್ಡು. ನನಗೆ ಅದು ಕೆಲಸ, ಬೆಳಿಗ್ಗೆ ಎದ್ದು ಬ್ಯಾಗು ತೆಗೆದುಕೊಂಡು ಬಾಗಿಲು ದಾಟುವ ಹಕ್ಕು. ನಾಲ್ಕು ವರ್ಷದಿಂದ ಮನೆಯಲ್ಲಿ ಕೂತಿದ್ದೆ. ಇನ್ನೂ ಎರಡು ವರ್ಷ ಕೂತರೆ ಲ್ಯಾಬಿನಲ್ಲಿ ಯಾವ ಬಾಟಲಿ ಯಾವುದು ಅನ್ನುವುದೂ ಮರೆತುಹೋಗುತ್ತದೆ ಅಂತ ನಿಜವಾಗಿ ಹೆದರಿದ್ದೆ.

ಪಟ್ಟಿ ಕೊಡುವ ಹಿಂದಿನ ಸಂಜೆ ನನ್ನ ಗಂಡ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದರು. ಮೈಸೂರಿನವರ ಪಟ್ಟಿಯನ್ನೇ ನಕಲು ಮಾಡಿದರೆ ಗೊತ್ತಾಗುತ್ತದೆ, ಸ್ವಂತ ಬರೆಯಲು ತಲೆಯಲ್ಲಿ ಏನೂ ಇಲ್ಲ. ನಾನು ಹಾಳೆ ಎಳೆದುಕೊಂಡು, ಅನ್ನ ಬೇಯುವಷ್ಟರಲ್ಲಿ ಬರೆದು ಮುಗಿಸಿದೆ. ಅವರು ಅದನ್ನು ತಮ್ಮ ಕೈಬರಹದಲ್ಲಿ ಪ್ರತಿ ಮಾಡಿಕೊಂಡರು. ಒಂದು ಹೆಸರಿಗಾದರೂ ಇವನು ಯಾಕೆ ಅಂತ ಕೇಳಲಿಲ್ಲ. ಆ ವಯಸ್ಸಾದವನ ಹೆಸರು ಬಂದಾಗ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಅದನ್ನೂ ಬರೆದರು. ನಾನು ಬರೆದ ಹಾಳೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದರು. ಹುಷಾರು ಮನುಷ್ಯ.

ಮ್ಯಾನೇಜರನ ಮನೆ ಊರಾಚೆಯ ಆಲ್ಫರೆಟ್ಟಾದಲ್ಲಿತ್ತು. ಹಿತ್ತಲಿನ ಕಡೆ ಮರದ ಜಗಲಿಯಂಥ ಡೆಕ್, ಬಾಗಿಲಿನ ಹತ್ತಿರಕ್ಕೆ ಎಳೆದಿಟ್ಟ ಟಿವಿ, ಜೂನ್ ತಿಂಗಳ ಸೆಕೆ. ಆ ಸೆಕೆಯಲ್ಲಿ ಒಂದಷ್ಟು ಜನ ಉಣ್ಣೆಯ ಹಾಕಿ ಟೋಪಿ ಹಾಕಿಕೊಂಡು ಬೆವರು ಸುರಿಸುತ್ತಿದ್ದರು. ನಮ್ಮವರಿಗೆ ಸಸ್ಯಾಹಾರ ಅಂತ ಜೋಳದ ತೆನೆ ಸುಟ್ಟಿದ್ದರು, ಅದೇ ಜಾಲರಿಯ ಮೇಲೆ, ಹಂದಿಮಾಂಸದ ಪಕ್ಕದಲ್ಲಿ. ಹೆಂಡತಿಯರಿಗೆ ಒಳಗೆ ಬೇರೆ ಜಾಗ ಮಾಡಿದ್ದರು. ನಾನು ನೀರು ಬೇಕು ಅನ್ನುವ ನೆಪ ಮಾಡಿಕೊಂಡು ಡೆಕ್ಕಿನ ಬಾಗಿಲಲ್ಲೇ ನಿಂತೆ.

ಒಂದೊಂದೇ ಹೆಸರು ಬಂತು. ಮೊದಲು ಗೋಲ್‌ಕೀಪರುಗಳು. ಬ್ರಹ್ಮಚಾರಿ ತನ್ನ ಪಟ್ಟಿಯ ನಕಲನ್ನು ಮಡಚಿ ಜೇಬಿಗಿಟ್ಟ. ಮೈಸೂರಿನವರು, ಈ ತಂಡದವರಿಗೆ ಆಟವೇ ಗೊತ್ತಿಲ್ಲ ಅನ್ನುವ ಮುಖ ಮಾಡಿದರು. ನನ್ನ ಗಂಡನ ಪಟ್ಟಿಯ ಪಕ್ಕದಲ್ಲಿ ಮ್ಯಾನೇಜರ್ ಮೇಲಿಂದ ಮೇಲೆ ಟಿಕ್ ಹಾಕುತ್ತಿದ್ದ. ಎಲ್ಲವೂ ಸರಿಯಾಗಲಿಲ್ಲ, ನಾನೇನು ಶಕುನ ಹೇಳುವವಳಲ್ಲ, ಆದರೆ ಹತ್ತಿರ ಬಂದವರು ಬೇರೆ ಯಾರೂ ಇರಲಿಲ್ಲ. ಕೊನೆಯಲ್ಲಿ ಆ ಗೋಲಿಲ್ಲದ ಮುದಿ ಡಿಫೆನ್ಸಿನವನ ಹೆಸರು ಬಂತು. ಮ್ಯಾನೇಜರ್ ಕೂತಿದ್ದ ಕುರ್ಚಿಯಿಂದ ಎದ್ದುಬಿಟ್ಟ.

ಇವನನ್ನು ಹೇಗೆ ಊಹಿಸಿದೆ, ನನಗೇ ಹೊಳೆದಿರಲಿಲ್ಲ, ಎಂದು ಎಲ್ಲರೆದುರಿಗೆ ನನ್ನ ಗಂಡನನ್ನು ಕೇಳಿದ. ನನ್ನ ಗಂಡ ಎಕ್ಸ್‌ಪೀರಿಯೆನ್ಸ್ ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ತುಂಬಾ ಎಕ್ಸ್‌ಪೀರಿಯೆನ್ಸ್, ಎಂದರು. ಮಿನೆಸೋಟಾದಲ್ಲಿದ್ದಾಗ ತುಂಬ ನೋಡುತ್ತಿದ್ದೆ ಅಂತಲೂ ಸೇರಿಸಿದರು. ಮಿನೆಸೋಟಾದಲ್ಲಿ ಅವರು ಒಂಬತ್ತಕ್ಕೇ ಮಲಗುತ್ತಿದ್ದರು.

ಮ್ಯಾನೇಜರನಿಗೆ ಅಷ್ಟು ಸಾಕಾಯಿತು. ಟೋಪಿ ತೆಗೆದು ಅವರ ತಲೆಗೆ ತಾನೇ ಹಾಕಿದ. ಹಾಕುವಾಗ ಬಾಗಿಲಲ್ಲಿ ನಿಂತ ನಾನು ಕಣ್ಣಿಗೆ ಬಿದ್ದೆ. ಒಳ್ಳೆಯವನೇ, ನನ್ನನ್ನೂ ಮಾತಿಗೆ ಸೇರಿಸಿಕೊಳ್ಳೋಣ ಅಂತ ನಗುತ್ತಾ ಕೇಳಿದ. ಮನೆಯಲ್ಲೂ ಹೀಗೇನಾ, ಹಾಕಿ ಹಾಕಿ ಅಂತ ನಿನ್ನ ತಲೆ ತಿನ್ನುತ್ತಾನಾ?

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಡನ ಮುಖ ಉಣ್ಣೆ ಟೋಪಿಯ ಕೆಳಗೆ ಬಿಳಿಚಿಕೊಂಡಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಎಲ್ಲ ಸಿದ್ಧವಾಗಿತ್ತು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆ ಮ್ಯಾನೇಜರ್ ಹಾಕಿ ಬಲ್ಲವನು, ಪಟ್ಟಿ ಯಾರದು ಅಂತ ಅವನಿಗೆ ತಿಳಿದುಹೋಗುತ್ತಿತ್ತು.

"ಯೆಸ್," ಎಂದೆ. "ಆಲ್ ದ ಟೈಮ್. ನನಗೆ ಒಂದೂ ಅರ್ಥ ಆಗಲ್ಲ."

ದೊಡ್ಡ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೈಸೂರಿನವರು. ಎಷ್ಟೋ ವಾರದಿಂದ ಆ ಮೂವರನ್ನೂ ಮನಸ್ಸಿನಲ್ಲೇ ಹೀನಾಯವಾಗಿ ಕಂಡಿದ್ದೆ, ಆಡಿಕೊಂಡಿದ್ದೆ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಏನೂ ಅನ್ನಿಸಲಿಲ್ಲ. ಹೇಸಿಗೆ ಆದದ್ದು ನನ್ನ ಮೇಲೆ.

ವಾಪಸು ಬರುವಾಗ ಹೈವೇಯಲ್ಲಿ ಟ್ರಾಫಿಕ್ಕಿತ್ತು. ನನ್ನ ಗಂಡ ಟೋಪಿ ತೆಗೆದು ಹಿಂದಿನ ಸೀಟಿಗೆ ಹಾಕಿದರು. ಬಾಸ್ ಖುಷಿಯಾಗಿದ್ದಾರೆ, ನಮ್ಮ ಫೈಲು ಮುಂದೆ ಹೋಗುತ್ತದೆ ಅನ್ನಿಸುತ್ತದೆ ಎಂದರು. ಆಮೇಲೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, ಮೊದಲ ಸಲ ಕೇಳಿದರು.

"ಆ ವಯಸ್ಸಾದವನನ್ನ ಯಾಕೆ ಹಾಕಿದ್ದೆ? ಸೋಮವಾರ ಮತ್ತೆ ಕೇಳಿದ್ರೆ ಏನಾದ್ರೂ ಹೇಳ್ಬೇಕಲ್ಲ."

"ನೀವೇ ಹೇಳಿದ್ರಲ್ಲ, ಎಕ್ಸ್‌ಪೀರಿಯೆನ್ಸು," ಎಂದೆ.

ಆದರೆ ನನಗೂ ಆ ಫೈಲು ಬೇಕಿತ್ತು. ಹೇಳತೊಡಗಿದೆ. ಎದುರಾಳಿ ಹೊಡೆದ ಪಕ್‌ಗೆ ಅವನು ಮೈಯೊಡ್ಡುತ್ತಾನೆ. ತನ್ನ ಕಡೆಯ ಒಬ್ಬ ಪೆನಾಲ್ಟಿಯಾಗಿ ಹೊರಗೆ ಕೂತಾಗ ಕೋಚ್ ಮೊದಲು ಕಳಿಸುವುದು ಇವನನ್ನು. ಇಂಥ ಕೆಲಸಕ್ಕೆ ಲೆಕ್ಕದ ಹಾಳೆಯಲ್ಲಿ ಜಾಗವಿಲ್ಲ, ಅದಕ್ಕೇ ಅವನ ತಂಡ ಅವನನ್ನು ಹೊರಗೆ ಹಾಕಿತು. ಎಳೆಯ ಹುಡುಗರೇ ತುಂಬಿದ ಹೊಸ ತಂಡಕ್ಕೆ ಎಲ್ಲಿ ನಿಲ್ಲಬೇಕು ಅಂತ ಹೇಳಿಕೊಡಲು ಇಂಥವನೊಬ್ಬ ಬೇಕೇ ಬೇಕು.

ಅವರಿಗೆ ತಿರುಗಿ ಹೇಳಲು ಹೇಳಿದೆ. ಹೇಳಿದರು, ಪೆನಾಲ್ಟಿಯ ಮಾತನ್ನು ಉಲ್ಟಾ ಮಾಡಿದರು. ತಿದ್ದಿದೆ. ಇನ್ನೊಂದು ಸಲ ಹೇಳಿಸಿದೆ, ಈ ಸಲ ಇಂಗ್ಲಿಷಿನಲ್ಲಿ. ನಮ್ಮ ಎಕ್ಸಿಟ್ ಬರುವಷ್ಟರಲ್ಲಿ ಅವರು ಎಲ್ಲೂ ತಡವರಿಸದೆ, ಕೈ ಆಡಿಸಿಕೊಂಡು, ತಮಗೇ ಹೊಳೆದ ಮಾತಿನ ಹಾಗೆ ಹೇಳುತ್ತಿದ್ದರು. ನಾನು ಸರಿಯಾಗಿದೆ ಎಂದೆ.