ಹೆಂಗಸರ ಸಾಲಿನಲ್ಲಿ ಮಿಕ್ಸರ್

ಆ ಭಾನುವಾರ ಚರ್ಚಿನ ಇಂಗ್ಲಿಷ್ ಪೂಜೆಯಲ್ಲಿ ಬೈಬಲ್ ವಾಚನ ನನ್ನದು. ಓದಿ ಮುಗಿಸಿದೆ. ಬೆಂಚುಗಳಿಂದ ವಾಡಿಕೆಯ ಉತ್ತರ "ಥ್ಯಾಂಕ್ಸ್ ಬಿ ಟು ಗಾಡ್" ಬಂತು. ಚೆನ್ನಾಗಿಯೇ ಆಯಿತು ಅಂದುಕೊಂಡು ಇಳಿದೆ. ಮಧ್ಯಾಹ್ನ ಮೀನು ಸಾರು ಬಡಿಸುವಾಗ ಸೊಸೆ ಮೆಲ್ಲ ಹೇಳಿದಳು, "ಮಮ್ಮಿ, ಬೇಜಾರು ಮಾಡಬೇಡಿ. ಮೈಕ್ ಆಫ್ ಇತ್ತು."

"ಇಡೀ ರೀಡಿಂಗ್?"

"ಹೌದು. ಹಿಂದೆ ನಮಗೆ ಎಂತದೂ ಕೇಳಲಿಲ್ಲ. ಮುಂದಿನವರು ಹೇಳಿದರು, ನಾವೂ ಹೇಳಿದೆವು."

ಕಿವಿಗೆ ಮೆಷಿನ್ ಹಾಕಿದ ಮೇಲೆ ನನ್ನ ಸ್ವರ ನನ್ನ ತಲೆಯೊಳಗೇ ದೊಡ್ಡದಾಗಿ ಮೊಳಗುತ್ತದೆ. ಹೊರಗೆ ಹೋಯಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಇನ್ನೊಮ್ಮೆ ಹೀಗಾದರೆ ವಾಚನದಿಂದ ನನ್ನನ್ನು ಕೈಬಿಡುತ್ತಾರೆ, ಅದೂ ತುಂಬ ಪ್ರೀತಿಯಿಂದ, "ಟೀಚರ್, ಯು ಟೇಕ್ ರೆಸ್ಟ್" ಎಂದು.

ಮೈಕುಗಳ ಸ್ವರ ಏರಿಸಿ ಇಳಿಸುವ ಮಿಕ್ಸರ್ ಇದ್ದದ್ದು ಪೂಜೆಯ ಪೀಠ ಅಲ್ತಾರಿನ ಹಿಂದೆ, ಪಾದ್ರಿಗಳು ಉಡುಪು ತೊಡುವ ಕೋಣೆಯಲ್ಲಿ. ಅದನ್ನು ನೋಡಿಕೊಳ್ಳುವವರು ಬ್ಯಾಂಕಿನಿಂದ ರಿಟೈರ್ ಆದವರು. ಗೋಡೆಯ ಆಚೆ ಕೂತವರಿಗೆ ಈಚೆಯ ಜನಕ್ಕೆ ಕೇಳುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು? ಅದನ್ನು ಜನರ ನಡುವೆ ಇಡಿ ಎಂದು ನಾನೇ ಚರ್ಚಿನ ಮೀಟಿಂಗಿನಲ್ಲಿ ಎದ್ದು ಹೇಳಿದೆ. ಪ್ಲಗ್ ಪಾಯಿಂಟ್ ಇದ್ದದ್ದು ಹೆಂಗಸರು ಕೂರುವ ಸೈಡಿನ ಕಂಬದಲ್ಲಿ ಮಾತ್ರ.

"ವಯರ್ ಎಲ್ಲ ಮದುವೆ ಫೋಟೋದಲ್ಲಿ ಬರ್ತದೆ," ಎಂದರು ಒಬ್ಬರು.

"ಹೆಂಗಸರ ಮಧ್ಯೆ ನಾನೊಬ್ಬನೇ ಕೂರುವುದಾ ಮಾರಾಯ್ರೆ?" ಎಂದರು ಬ್ಯಾಂಕಿನವರು. "ಒಳಗೆ ಫ್ಯಾನ್ ಆದರೂ ಉಂಟು."

"ಈ ವಯಸ್ಸಿನಲ್ಲಿ ನಿಮ್ಮನ್ನು ಯಾರು ನೋಡ್ತಾರೆ?" ಎಂದೆ. ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಹೇಳಿದೆ, "ನನಗೆ ನಿಮ್ಮ ಮುಖ ಕಾಣಬೇಕು. ಕೇಳ್ತಾ ಉಂಟು ಅಂತಾದರೆ ಹೆಬ್ಬೆರಳು ಎತ್ತಿ, ಸಾಕು."

"ಸ್ವಲ್ಪ ದಿನ ಟ್ರಯಲ್ ನೋಡುವ," ಎಂದರು ಫಾದರ್.

ಒಂದು ಬೆಂಚು ತೆಗೆದು ಮಿಕ್ಸರ್ ಇಟ್ಟರು. ನನ್ನ ಸರದಿ ಬಂತು. ಮೊದಲ ವಾಕ್ಯ ಓದಿ ತಲೆಯೆತ್ತಿದೆ. ಹೆಬ್ಬೆರಳು ಏಳಲಿಲ್ಲ. ಬ್ಯಾಂಕಿನವರ ಬೆರಳು ಮಿಕ್ಸರಿನಲ್ಲಿ ಏನನ್ನೋ ಮೇಲಕ್ಕೆ ಸರಿಸುತ್ತಿತ್ತು. ಇನ್ನೊಂದು ವಾಕ್ಯ. ಮತ್ತೂ ಸರಿಸಿದರು. ಕೊನೆಗೆ ನನ್ನತ್ತ ನೋಡಿ ಕಿವಿಯ ಹಿಂದೆ ಅಂಗೈ ಇಟ್ಟರು.

ಮೈಕ್ ಆನ್ ಇತ್ತು. ಸಾಲದೆ ಹೋದದ್ದು ನನ್ನ ಸ್ವರ.

ಚಿಕ್ಕಂದಿನಲ್ಲಿ ಕಾನ್ವೆಂಟಿನಲ್ಲಿ, ಗಟ್ಟಿಯಾಗಿ ಓದಲು ಕಲಿಸುವ ಎಲೊಕ್ಯೂಷನ್ ಕ್ಲಾಸಿಗೆ ಸಿಸ್ಟರ್ ಹಾಲಿನ ಆ ತುದಿಗೆ ಹೋಗಿ ನಿಲ್ಲುತ್ತಿದ್ದರು: "ಟು ದ ಬ್ಯಾಕ್ ವಾಲ್, ಚೈಲ್ಡ್!" ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು, ಉಸಿರು ಎಳೆದುಕೊಂಡು, ಕಂಬದ ಆಚೆಯ ಬಾಗಿಲಿಗೆ ಕೇಳುವಂತೆ ಓದಿದೆ. ಕೊನೆಯ ಸಾಲಿನಲ್ಲಿ ಹೆಬ್ಬೆರಳು ಎದ್ದಿತು, ಅರ್ಧ.

ಪೂಜೆ ಮುಗಿದ ಮೇಲೆ ಬ್ಯಾಂಕಿನವರು ಬೆವರು ಒರೆಸುತ್ತ ಬಂದರು. "ಟೀಚರ್, ಮುಂದಿನ ಸಲ ಮೈಕಿಗೆ ಸ್ವಲ್ಪ ಹತ್ತಿರ ನಿಲ್ಲಿ ಆಯ್ತಾ."

"ಮುಂದಿನ ಸಲ" ಎಂದರಲ್ಲ. ಮನೆಗೆ ಹೋಗುವ ಕುಲಶೇಖರದ ಬಸ್ಸಿನಲ್ಲಿ ಕೂತು ಸೊಸೆಗೆ ಅದನ್ನೇ ಎರಡೆರಡು ಸಲ ಹೇಳಿದೆ. "ಕೇಳಿತು ಮಮ್ಮಿ," ಎಂದಳು, "ಇಡೀ ಬಸ್ಸಿಗೆ ಕೇಳಿತು."