ಕೆರೆಮೂಲೆಯ ಎಲೆ, ಅಕ್ಕನ ಹೊಲಿಗೆ

ಓದಿದವರು ಹೇಳಿದರೆಂಬ ಒಂದೇ ಕಾರಣಕ್ಕೆ ನಾನು ಯಾವ ಮಾತನ್ನೂ ನಂಬಿದವನಲ್ಲ. ಶಾಲೆಯನ್ನು ಬೇಗ ಬಿಟ್ಟ ನಾನು ಅಜ್ಜಂಪುರದ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಅಚ್ಚಾದ ಮಾತ್ರಕ್ಕೆ ಯಾವುದೂ ನಿಜವಾಗುವುದಿಲ್ಲ. ಆದ್ದರಿಂದ, ಕರಾವಳಿಯಲ್ಲಿ ಸಂಶೋಧನೆ ಮಾಡುತ್ತಿರುವ ಅಕ್ಕನ ಮೊಮ್ಮಗಳು ಹೋದ ಬೇಸಿಗೆಯಲ್ಲಿ ಮನೆಗೆ ಬಂದು ಎಲೆಯ ವಿಷಯ ಎತ್ತಿದಾಗ ನನ್ನ ಕಿವಿ ನಿಮಿರಿತು.

ಅವಳು ಹೇಳಿದ್ದಿಷ್ಟು. ಸಮುದ್ರದ ಹಿನ್ನೀರಿನ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಅವುಗಳ ಎಲೆ ಉದುರಿ ಅದೇ ಕೆಸರಿನಲ್ಲಿ ಹೂತುಹೋಗುತ್ತದೆ. ಅಲ್ಲಿಗೆ ಗಾಳಿ ತಲುಪದ ಕಾರಣ ಎಲೆ ಬಲು ನಿಧಾನವಾಗಿ ಕೊಳೆಯುತ್ತದೆ. ಅದರೊಳಗಿನ ಇಂಗಾಲ ತಲೆಮಾರುಗಟ್ಟಲೆ ಅಲ್ಲೇ ಉಳಿಯುತ್ತದೆ. ಕೆಸರನ್ನು ಅಗೆದು ಹೊರಗೆ ಹಾಕಿದರೆ ಅದು ಮತ್ತೆ ಗಾಳಿಗೆ ಸೇರುತ್ತದೆ.

"ಎಲೆ ಅಂದ್ಮೇಲೆ ಕೊಳೀಲೇಬೇಕು ಕಣವ್ವ. ನಮ್ಮ ತಿಪ್ಪೆ ನೋಡು," ಎಂದೆ.

"ತಿಪ್ಪೇಲಿ ಗಾಳಿ ಆಡುತ್ತೆ ತಾತ. ನಮ್ಮ ಕೆರೆಮೂಲೇಲೂ ಕಾಂಡ್ಲಾದ ಹಂಗೇ ಆಗ್ತಿರ್ಬೋದು, ಅಷ್ಟಲ್ದಿದ್ರೂ ಒಂಚೂರು. ಅಲ್ಲಿ ಗೋಡು ಎತ್ಬೇಡಿ."

ಮಾತು ಇಲ್ಲಿಗೆ ಬಂದಾಗ ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ನಮ್ಮೂರಿನಲ್ಲಿ ಕೆರೆ ಬತ್ತಿದಾಗ ತಳದ ಹೂಳನ್ನು, ಅಂದರೆ ಗೋಡನ್ನು, ಮನೆಗಿಷ್ಟೆಂದು ಹಂಚಿಕೊಂಡು ಹೊಲಕ್ಕೆ ಹೊಡೆಯುವ ಪದ್ಧತಿ. ಆಲದಮರದ ಕೆಳಗಿನ, ಎಂದೂ ಪೂರಾ ಒಣಗದ ಜವುಗು ಮೂಲೆ ನನಗೂ ಅಕ್ಕನಿಗೂ ಜಂಟಿಯಾಗಿ ಬಂದ ಪಾಲು. ಅಷ್ಟು ಕಪ್ಪಾದ ಗೋಡು ಕೆರೆಯಲ್ಲಿ ಬೇರೆಲ್ಲೂ ಇಲ್ಲ. ಅಕ್ಕ ಅದನ್ನು ತನ್ನ ಈರುಳ್ಳಿ ಹೊಲಕ್ಕೆ ಹಾಕಿಸಬೇಕೆಂದು ಕಾದು ಕುಳಿತಿದ್ದಳು.

ನಾನು ಪರೀಕ್ಷೆಯಾಗಲಿ ಎಂದೆ. ಈರುಳ್ಳಿ ತುಂಬುವ ಎರಡು ಕೆಂಪು ಬಲೆಚೀಲಗಳಿಗೆ ಆಲದ ಎಲೆ ತುಂಬಿ, ದಬ್ಬಣದಿಂದ ಬಾಯಿ ಹೊಲಿದು, ಒಂದನ್ನು ತಿಪ್ಪೆಯಲ್ಲಿಯೂ ಇನ್ನೊಂದನ್ನು ಕೆರೆಮೂಲೆಯ ಕೆಸರಿನಲ್ಲಿಯೂ ಹೂತೆ. ಬರುವ ಬೇಸಿಗೆಗೆ ಕೆಸರಿನ ಎಲೆಯೂ ಕೊಳೆತಿದ್ದರೆ ಗೋಡು ಹೊಲಕ್ಕೆ. ಉಳಿದಿದ್ದರೆ ಮೂಲೆಯನ್ನು ಮುಟ್ಟುವಂತಿಲ್ಲ.

"ಎಲೆಗೂ ಒಂದು ಕೋರ್ಟು ಕಟ್ಟಿದ್ಯಲ್ಲೋ," ಎಂದು ಅಕ್ಕ ಗೊಣಗಿ ಒಪ್ಪಿದಳು.

ಈ ಬೇಸಿಗೆಗೆ ಹುಡುಗಿ ಮತ್ತೆ ಬಂದಳು. ನಾವು ಮೂವರೂ ಕೆರೆ ಏರಿಗೆ ಹೋಗುವಷ್ಟರಲ್ಲಿ ಅಕ್ಕ ಹೇಳಿ ತರಿಸಿದ್ದ ಟ್ರ್ಯಾಕ್ಟರು ಆಗಲೇ ಬಂದು ನಿಂತಿತ್ತು. ಜೊತೆಗೆ ತಂದಿದ್ದ ತಿಪ್ಪೆಯ ಚೀಲ ಬಿಚ್ಚಿದರೆ ಬರೀ ನಾರು, ನರ. ಕೆಸರಿನ ಚೀಲವನ್ನು ಅಗೆದು ತೆಗೆದು ಪಕ್ಕ ಸೀಳಿದರೆ ಅದೇ ನಾರು, ಅದೇ ನರ. ಹುಡುಗಿಯ ಮುಖ ಬಾಡಿತು. ಅಕ್ಕ ಡ್ರೈವರಿಗೆ ಕೈಸನ್ನೆ ಮಾಡಿಯೇಬಿಟ್ಟಳು.

ನಾನು ಗೆದ್ದಿದ್ದೆ. ಹಿಗ್ಗಬೇಕೆಂದು ಮೀಸೆಗೆ ಕೈ ಹಾಕಿದವನು ಚೀಲದ ಬಾಯಿಯನ್ನು ನೋಡಿ ಕೈ ಇಳಿಸಿದೆ. ಈರುಳ್ಳಿ ಚೀಲ ಹೊಲಿಯುವ ಮನೆಗಳಲ್ಲಿ ಯಾರ ಹೊಲಿಗೆ ಯಾವುದೆಂದು ಕಂಡ ಕೂಡಲೇ ತಿಳಿಯುತ್ತದೆ. ಈ ಹೊಲಿಗೆ ಎಡಕ್ಕೆ ವಾಲಿತ್ತು. ಅಕ್ಕ ಎಡಗೈಯವಳು.

"ಅಕ್ಕ, ಈ ಚೀಲ ಹೊಲ್ದಿದ್ಯಾರು?"

"ಇನ್ಯಾರು, ನೀನೇ."

"ನಾನು ಎಡಗೈಲಿ ಯಾವಾಗ ಹೊಲ್ದೆ?"

ಅಕ್ಕ ಕೆರೆಯ ಕಡೆ ನೋಡಿದಳು. "ಲೇ, ನೀನು ಗೆಲ್ಲಲಿ ಅಂತ ಮಾಡ್ದೆ ಕಣೋ. ಒಂದು ಸಲನಾದ್ರೂ ಗೆದ್ದು ಸುಮ್ನಿರ್ತೀಯ ಅಂತ. ತಿಪ್ಪೇಲಿದ್ದ ನಾರು ತುಂಬಿ ಹೊಲ್ದು, ಮತ್ತೆ ಕೆಸರಲ್ಲೇ ಹೂತೆ."

"ಕೆಸರಿನ ಎಲೆ ಎಲ್ಲಿ?"

"ಕರ್ರಗಾಗಿತ್ತು, ಆದ್ರೆ ಎಲೆ ಎಲೆಯಾಗೇ ಇತ್ತು. ಮೇಕೆ ಮುಂದೆ ಹಾಕ್ದೆ, ಮೂಸಿ ಮುಖ ತಿರುಗಿಸ್ತು. ಒಣಗ್ಸಿ ಹಂಡೆ ಒಲೆಗೆ ಹಾಕ್ದೆ. ಏನು ಉರೀತು ಅಂತೀಯ! ಮೊನ್ನೆ ನೀನು ಎಣ್ಣೆನೀರು ಹಾಕ್ಕೊಂಡಿದ್ದು ಅದೇ ಬಿಸಿನೀರಲ್ಲಿ."

ಹುಡುಗಿ ಏರಿಯ ಮೇಲೆ ಕುಳಿತು ನಗತೊಡಗಿದಳು. "ಉರೀತು ಅಂದ್ರೆ ಇಂಗಾಲ ಉಳಿದಿತ್ತು ಅಂತಾನೇ ಅಜ್ಜಿ. ಕೆಸರಲ್ಲಿ ಸುಮ್ನಿದ್ದಿದ್ದನ್ನ ನೀವೇ ಗಾಳಿಗೆ ಬಿಟ್ರಿ."

ಪರರ ಮಾತನ್ನು ಅನುಮಾನಿಸಿಯೇ ಮುದುಕನಾದ ನನಗೆ, ನನ್ನ ಕಡೆಗೇ ವಾಲಿದ ಸಾಕ್ಷಿಯನ್ನು ಅನುಮಾನಿಸುವ ಕಷ್ಟ ಎಂಥದೆಂದು ಆ ಹೊತ್ತು ತಿಳಿಯಿತು. ಟ್ರ್ಯಾಕ್ಟರನ್ನು ಹಿಂದಕ್ಕೆ ತಿರುಗಿಸಲು ಹೇಳಿದೆ.

"ನನ್ನ ಈರುಳ್ಳಿಗೆ ಏನು ಹಾಕ್ಲೋ?" ಎಂದಳು ಅಕ್ಕ.

"ತಿಪ್ಪೆ ಗೊಬ್ಬರ ಹಾಕು. ಅದು ಚೆನ್ನಾಗಿ ಕೊಳೆತದೆ ಅಂತ ಎರಡೆರಡು ಚೀಲ ತುಂಬಿ ತೋರ್ಸಿದ್ದೀಯಲ್ಲ."

ಟ್ರ್ಯಾಕ್ಟರು ತಿಪ್ಪೆಯ ದಾರಿ ಹಿಡಿಯಿತು. ಹಾಗೆಂದು ನಾನು ಪೂರ್ತಿ ಶರಣಾದೆನೆಂದು ಹುಡುಗಿ ತಿಳಿಯಬಾರದಲ್ಲ. "ಆಲದ ಎಲೆಗೆ ಒಪ್ದೆ ಕಣವ್ವ. ಕಾಂಡ್ಲಾ ನಾನು ಕಂಡಿಲ್ಲ. ಕಂಡ ಮೇಲೆ ಹೇಳ್ತೀನಿ," ಎಂದೆ.

"ಬನ್ನಿ ತಾತ, ತೋರಿಸ್ತೀನಿ."

"ನಾನೂ ಬತ್ತೀನಿ," ಎಂದಳು ಅಕ್ಕ, ಖಾಲಿ ಚೀಲ ಮಡಚುತ್ತ. "ಇವನೊಬ್ಬನ್ನೇ ಕಳಿಸಿದ್ರೆ ಸಮುದ್ರದ ನೀರು ಉಪ್ಪೇ ಅಲ್ಲ ಅಂತ ವಾದ ಮಾಡ್ಕೊಂಡು ಬತ್ತಾನೆ."