ನೇರಳೆ ಬೆಳಕಿನ ಕೋಣೆ

ಮೊದಲು ಕೇಳಿದವರು ಮನೆ ಓನರ್. ಅಟ್ಟೂರಿನ ಆ ಬೀದಿಯಲ್ಲಿ, ಹಿಂದೆ ಅಲ್ಲೇ ಹೊಲ ಮಾಡಿಕೊಂಡಿದ್ದ ಅವರು ಕೆಳಗಿದ್ದರು, ನಾನು ಮತ್ತು ಅಪ್ಪ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಒಂದು ಸಂಜೆ ಹೆಬ್ಬಾಳದ ಆಫೀಸಿನಿಂದ ಬಂದು ಗೇಟು ಹಾಕುತ್ತಿದ್ದಾಗ ಅವರು ಎದ್ದು ಬಂದು, ಮೇಲಿನ ಒಳಕೋಣೆಯ ಕಿಟಕಿಯಲ್ಲಿ ಅದೇನು ಬಣ್ಣದ ಲೈಟು, ದಿನವೆಲ್ಲ ಉರಿಯುತ್ತದಲ್ಲ ಎಂದು ವಿಚಾರಿಸಿದರು. ಅಪ್ಪ ಗಿಡ ಬೆಳೆಸುತ್ತಿದ್ದಾರೆ ಎಂದೆ. ಮನೆಯೊಳಗಾ ಎಂದರು. ಹೌದೆಂದೆ. ಮತ್ತೇನೂ ಕೇಳಲಿಲ್ಲ. ಆದರೆ ಮೆಟ್ಟಿಲು ಹತ್ತಿ ತಿರುಗಿ ನೋಡಿದಾಗ ಇನ್ನೂ ಅಲ್ಲೇ ನಿಂತು ಕತ್ತೆತ್ತಿ ಕಿಟಕಿಯನ್ನೇ ನೋಡುತ್ತಿದ್ದರು.

ಅಪ್ಪ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತು ವಯಸ್ಸು ಕಳೆದವರು. ನಿವೃತ್ತರಾದ ಮೇಲೆ ಟೆರೇಸಿನಲ್ಲಿ ಕುಂಡಗಳನ್ನಿಟ್ಟುಕೊಂಡಿದ್ದರು. ಮಂಡಿ ಆಪರೇಷನ್ ಆದಮೇಲೆ ಟೆರೇಸು ಹತ್ತುವುದು ನಿಂತಿತು. ಬಾಲ್ಕನಿಗೆ ಬರುತ್ತಿದ್ದಷ್ಟು ಬಿಸಿಲನ್ನು ಪಕ್ಕದಲ್ಲೆದ್ದ ಹೊಸ ಕಟ್ಟಡ ಮುಚ್ಚಿಹಾಕಿತು. ಆಗ ಅವರು ಒಳಕೋಣೆ ಹಿಡಿದರು. ಕಬ್ಬಿಣದ ರ್‍ಯಾಕು, ಆನ್‌ಲೈನಿನಲ್ಲಿ ತರಿಸಿದ ನೇರಳೆ ಬೆಳಕಿನ ದೀಪಗಳು, ಒಂದು ಟೇಬಲ್ ಫ್ಯಾನು, ಸಾಲಾಗಿ ಮೆಣಸಿನ ಸಸಿಗಳು. ಬಾಗಿಲು ಮಾತ್ರ ಸದಾ ಹಾಕಿರುತ್ತಿತ್ತು. ತೆರೆದಿಟ್ಟರೆ ಎಲೆಯ ರಸ ಹೀರುವ ಬಿಳಿ ನೊಣ ನುಗ್ಗುತ್ತದೆ ಎನ್ನುತ್ತಿದ್ದರು.

ನಾನು ಒಳಗೆ ಹೋಗುತ್ತಿದ್ದುದು ಕಡಿಮೆ. ಹೋದಾಗಲೆಲ್ಲ ಅವರು ಗಿಡದ ತುದಿ ಚಿವುಟುತ್ತಲೋ, ಸಾಸಿವೆಯಷ್ಟು ಮೊಗ್ಗು ಕಂಡರೂ ಕಿತ್ತುಹಾಕುತ್ತಲೋ ಇರುತ್ತಿದ್ದರು. ಹೂವನ್ನೇ ಕಿತ್ತರೆ ಕಾಯಿ ಹೇಗೆ ಬಿಡುತ್ತದೆ ಎಂದು ಕೇಳಿದ್ದೆ. ಇದು ಬೆಳೆಯುವ ಕಾಲ, ಈಗ ಎಲೆ, ಕಾಂಡ, ಬೇರು ಅಷ್ಟೇ ಮುಖ್ಯ, ಕಾಯಿಯ ಆತುರ ಪಟ್ಟರೆ ಗಿಡ ಕುಳ್ಳಾಗಿಯೇ ಉಳಿದುಬಿಡುತ್ತದೆ ಎಂದು ಹೇಳಿದ್ದರು. ಎಲೆ ಸೊಂಪಾಗಿ ಬರಲೆಂದು ಸಗಣಿ, ಬೆಲ್ಲ, ಬೇವಿನ ಹಿಂಡಿ ಕಲಸಿ ಕೊಳೆಸಿದ ನೀರನ್ನು ತೆಳ್ಳಗೆ ಮಾಡಿ ಹಾಕುತ್ತಿದ್ದರು. ಅದರ ವಾಸನೆ ಬೀದಿಯವರೆಗೂ ಹೋಗುತ್ತಿತ್ತು.

ಓನರ್ ವಿಚಾರಿಸಿದ ಮೇಲೆ ನನಗೆ ಒಂದೊಂದಾಗಿ ಗಮನಕ್ಕೆ ಬರತೊಡಗಿತು. ಪಾರ್ಸೆಲ್ ತರುವವನು ಪೊಟ್ಟಣವನ್ನು ಮೂಸಿ ನೋಡಿ ಕೊಟ್ಟ. ಮೇಲಿನ ಮಹಡಿಯವರು ಮೆಟ್ಟಿಲಲ್ಲಿ ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಳಕೋಣೆಯ ಕಿಟಕಿಗೆ ಎದುರಾಗಿ, ಕಿರಿದಾದ ಓಣಿಯ ಆಚೆ, ಇನ್ನೊಂದು ಮನೆಯ ಅಡುಗೆಮನೆಯಿತ್ತು. ಅಲ್ಲಿನ ಹೆಂಗಸು ನೀರಿನ ಟ್ಯಾಂಕರ್ ಬಂದಾಗಲೆಲ್ಲ ನನ್ನನ್ನು ಕೂಗಿ ಹೇಳುತ್ತಿದ್ದವಳು, ಈಗ ನಾನು ನಕ್ಕರೂ ಮುಖ ತಿರುಗಿಸುತ್ತಿದ್ದಳು. ಊರಲ್ಲಿ ಎಲ್ಲೋ ಬಾಡಿಗೆ ಮನೆಯ ಕೋಣೆಯಲ್ಲಿ ದೀಪ ಹಾಕಿ ಗಾಂಜಾ ಬೆಳೆಸಿದವರನ್ನು ಹಿಡಿದರೆಂದು ಆ ದಿನಗಳಲ್ಲಿ ಟೀವಿಯಲ್ಲಿ ತೋರಿಸುತ್ತಿದ್ದರು. ಅದೇ ನೇರಳೆ ಬೆಳಕು. ಜನ ನಮ್ಮನ್ನೂ ಹಾಗೇ ಅಂದುಕೊಂಡಿರಬಹುದು ಎಂದು ಅಪ್ಪನಿಗೆ ಹೇಳಿದೆ. ಹುಚ್ಚು ಮಾತಾಡಬೇಡ ಎಂದು ಗದರಿದರು.

ಭಾನುವಾರ ಬೆಳಿಗ್ಗೆ ಪೊಲೀಸರು ಬಂದರು. ಒಬ್ಬರು ಸಬ್ ಇನ್ಸ್‌ಪೆಕ್ಟರ್, ಜೊತೆಗೊಬ್ಬ ಕಾನ್‌ಸ್ಟೆಬಲ್, ಹಿಂದೆ ಬೆವರೊರೆಸಿಕೊಳ್ಳುತ್ತ ಓನರ್. ಇನ್ಸ್‌ಪೆಕ್ಟರು ಮರ್ಯಾದೆಯಿಂದಲೇ ಮಾತಾಡಿದರು. ದೂರು ಬಂದಿದೆ, ಒಂದು ಸಲ ಆ ಕೋಣೆ ನೋಡಬೇಕು ಎಂದರು.

ನಾನು ಅಪ್ಪನ ಕಡೆ ನೋಡಿದೆ. ಅವರು ಊರುಗೋಲು ಹಿಡಿದು ಎದ್ದು, ಕುರ್ಚಿಯನ್ನು ಎಳೆದುಕೊಂಡು ಹೋಗಿ ಕೋಣೆಯ ಬಾಗಿಲಿಗೆ ಅಡ್ಡ ಹಾಕಿ ಕೂತರು.

"ಬಾಗಿಲು ತೆಗಿಯಲ್ಲ," ಎಂದರು.

ಯಾಕೆ ಎಂದು ಇನ್ಸ್‌ಪೆಕ್ಟರು ಕೇಳಿದರು. ಅಪ್ಪ ಓನರ್ ಕಡೆ ಒಮ್ಮೆ ನೋಡಿದರು. ಬೇಕಾದರೆ ನೀವಿಬ್ಬರು ಮಾತ್ರ ಬನ್ನಿ, ಓನರ್ ಕೆಳಗೆ ಹೋಗಲಿ ಎಂದರು. ಅದು ಇನ್ನಷ್ಟು ಕೆಟ್ಟದಾಗಿ ಕೇಳಿಸಿತು. ಕಾನ್‌ಸ್ಟೆಬಲ್ ಮುಖ್ಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಓನರ್ ಅಪ್ಪನ ಮುಂದೆ ಬಂದರು. "ಇಂಗೆ ಮಾಡಿದ್ರೆ ನನ್ ಗತಿ ಏನ್ ಸಾಮಿ? ನಾಳೆ ಮನೆಗೆ ಬೀಗ ಜಡಿತಾರೆ," ಎಂದರು.

ಅಪ್ಪ ಮೆಣಸಿನ ಗಿಡ ಅಂದಿದ್ದರು, ನಾನು ನಂಬಿದ್ದೆ. ಆದರೆ ಇಷ್ಟು ದಿನದಲ್ಲಿ ಒಂದೇ ಒಂದು ಮೆಣಸಿನಕಾಯಿಯನ್ನೂ ನಾನು ಕಂಡಿರಲಿಲ್ಲ. ಮುಂದಿನ ಸಾಲಿನಲ್ಲಿ ನಿಂತು ನೋಡಿದ್ದೆನೇ ಹೊರತು ಹಿಂದಿನ ರ್‍ಯಾಕಿನಲ್ಲಿ ಏನಿದೆಯೋ ಗೊತ್ತಿರಲಿಲ್ಲ. ಆಪರೇಷನ್ ಆದ ಮೇಲೆ ನೋವಿಗೆ ಗಾಂಜಾ ಒಳ್ಳೆಯದೆಂದು ಯಾರಾದರೂ ಹೇಳಿಕೊಟ್ಟಿರಬಹುದೇ? ನಾನು ಅಪ್ಪನ ಮುಖ ನೋಡಿದೆ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಊರುಗೋಲೂರಿ ಕುರ್ಚಿಯಿಂದ ಎದ್ದರು. ಬಾಗಿಲನ್ನು ಅವರೇ ತೆರೆದರು.

ಒಳಗೆ ಫ್ಯಾನಿನ ಗಾಳಿಗೆ ಎಲೆಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಆ ಬೆಳಕಿನಲ್ಲಿ ಹಸಿರು ಹಸಿರಾಗಿ ಕಾಣುವುದಿಲ್ಲ, ಎಲ್ಲ ಕಪ್ಪು ಕಪ್ಪು. ಇನ್ಸ್‌ಪೆಕ್ಟರು ದೀಪ ಆರಿಸಿ, ಕಿಟಕಿ ಪೂರ್ತಿ ತೆರೆಸಿದರು. ಕಾನ್‌ಸ್ಟೆಬಲ್ ಗಿಡಗಳ ನಡುವೆ ಏನಾದರೂ ಬಚ್ಚಿಟ್ಟಿದ್ದಾರೆಯೇ ಎಂದು ಕುಂಡಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟ. ಎಳೆಯ ಕಾಂಡಗಳು, ಸ್ವಲ್ಪ ತಾಗಿದರೂ ಪಟಕ್ಕೆಂದು ಮುರಿಯುತ್ತಿದ್ದವು. ಒಂದೊಂದು ಸದ್ದಿಗೂ ಅಪ್ಪನ ಊರುಗೋಲು ನೆಲದ ಮೇಲೆ ಕದಲುತ್ತಿತ್ತು. ಗೊಬ್ಬರದ ಪೊಟ್ಟಣ ಬಿಚ್ಚಿಸಿದರು, ಕೊಳೆತ ನೀರಿನ ಡ್ರಮ್ಮಿನ ಮುಚ್ಚಳ ತೆಗೆಸಿ ಮೂಗು ಮುಚ್ಚಿಕೊಂಡರು.

"ಮೆಣಸಿನ ಗಿಡ ಅಂತೀರ. ಕಾಯಿ ಎಲ್ಲಿ?" ಎಂದ ಕಾನ್‌ಸ್ಟೆಬಲ್.

"ಬೆಳೆಯೋ ಗಿಡ ಅದು. ಮೊಗ್ಗು ನಾನೇ ಕಿತ್ತಿದೀನಿ," ಎಂದರು ಅಪ್ಪ.

ಬೆಳೆಸುವವರು ಮೊಗ್ಗು ಯಾಕೆ ಕೀಳುತ್ತಾರೆ ಎಂದು ಅವನು ಇನ್ಸ್‌ಪೆಕ್ಟರ ಮುಖ ನೋಡಿದ. ಅವರು ಒಂದು ಎಲೆ ಕಿತ್ತು ಉಜ್ಜಿ ಮೂಸಿದರು. ನಂತರ ಬಾಗಿಲಲ್ಲೇ ನಿಂತಿದ್ದ ಓನರ್ ಕಡೆ ತಿರುಗಿ, ನೀವು ಹೊಲ ಮಾಡಿದವರಲ್ಲವೇ, ಇದೇನು ಹೇಳಿ ಎಂದರು. ಓನರ್ ಗಿಡಗಳ ಕಡೆ ನೋಡುತ್ತಿರಲಿಲ್ಲ. ಅವರ ಕಣ್ಣು ಮೇಲೆ ನೆಟ್ಟಿತ್ತು. ದೀಪಗಳನ್ನು ತೂಗುಹಾಕಲು ಅಪ್ಪ ಚಾವಣಿಗೆ ಸಾಲುಸಾಲಾಗಿ ತೂತು ಕೊರೆಸಿ ಕೊಕ್ಕೆ ಹಾಕಿಸಿದ್ದರು. ಬಾಡಿಗೆಗೆ ಬರುವಾಗ ಓನರ್ ಹಾಕಿದ್ದ ಒಂದೇ ಷರತ್ತು, ಗೋಡೆಗಾಗಲಿ ಚಾವಣಿಗಾಗಲಿ ಮೊಳೆ ಹೊಡೆಯಬಾರದು ಎಂಬುದು.

"ಮೆಣ್ಸಿನ್ ಗಿಡಾನೇ ಸಾರ್," ಎಂದರು ಕೊನೆಗೆ. "ಅದಿರ್ಲಿ. ಈ ತೂತು ಯಾರ್ ಕೊರ್ದಿದ್ದು?"

ಅಪ್ಪ ತಲೆ ತಗ್ಗಿಸಿದರು. ಅವರು ಬಾಗಿಲಿಗೆ ಅಡ್ಡ ಕೂತದ್ದು ಇದಕ್ಕೆ ಎಂದು ನನಗೆ ಆಗ ಹೊಳೆಯಿತು. ಇನ್ಸ್‌ಪೆಕ್ಟರು ಫೋಟೋ ತೆಗೆದುಕೊಂಡು, ತಂದೆ ಮಗಳಿಬ್ಬರನ್ನೂ ಒಂದು ಸಲ ನೋಡಿ, ಇನ್ನು ಯಾರಾದರೂ ಕೇಳಿದರೆ ಬಾಗಿಲು ತೆಗೆದು ತೋರಿಸಿಬಿಡಿ ಎಂದು ಹೇಳಿ ಹೊರಟರು.

ಅವರು ಹೋದಮೇಲೆ ಮನೆ ಹಗುರಾಗಬೇಕಿತ್ತು, ಆಗಲಿಲ್ಲ. ಅಪ್ಪ ನೆಲದ ಮೇಲೆ ಕೂತು ಮುರಿದ ಕಾಂಡಗಳಲ್ಲಿ ಉಳಿಸಬಹುದಾದವನ್ನು ಬಟ್ಟೆ ಪಟ್ಟಿಯಿಂದ ಕಟ್ಟುತ್ತಿದ್ದರು. ಬೇರು ಹೊರಬಂದ ಸಸಿಗಳಿಗೆ ಮಣ್ಣು ಒತ್ತುತ್ತಿದ್ದರು. ನಾನು ಕಸ ಗುಡಿಸುತ್ತಿದ್ದೆ.

"ನೀನೂ ಅನುಮಾನ ಪಟ್ಟೆ, ಅಲ್ವಾ?" ಎಂದರು, ತಲೆ ಎತ್ತದೆ.

ಸುಳ್ಳು ಹೇಳಬಹುದಿತ್ತು. ಹೌದು, ಒಂದು ಕ್ಷಣ ಎಂದೆ. ಅವರು ಇನ್ನೊಂದು ಪಟ್ಟಿ ಹರಿದರು. ಅಂದು ಮಧ್ಯಾಹ್ನ ಊಟಕ್ಕೆ ಕರೆದರೂ ಬರಲಿಲ್ಲ. ನಾನು ಯಲಹಂಕಕ್ಕೆ ಹೋಗಿ ಒಂದು ದಪ್ಪ ಪರದೆ ಕೊಂಡು ತಂದೆ. ಕಿಟಕಿ ಮುಚ್ಚಿಬಿಟ್ಟರೆ ಎಲ್ಲ ಮುಗಿಯುತ್ತದೆ ಎಂದುಕೊಂಡೆ.

ಸಂಜೆ ಬೆಲ್ ಆಯಿತು. ಎದುರು ಮನೆಯ ಹೆಂಗಸು ನಿಂತಿದ್ದಳು. ಒಳಗೆ ಬನ್ನಿ ಎಂದೆ, ಹೊಸ್ತಿಲಲ್ಲೇ ನಿಂತಳು.

"ಫೋನ್ ಮಾಡಿದ್ದು ನಾನೇ," ಎಂದಳು. "ಸಾರಿ ಕೇಳೋಕ್ ಬಂದಿಲ್ಲ. ಕಣ್ಣಾರೆ ನೋಡ್ಬೇಕು, ಅದಕ್ ಬಂದೆ."

ನನಗೆ ಸಿಟ್ಟು ನೆತ್ತಿಗೇರಿತು. ನೀವು ಬಂದು ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದೆ. ಕೇಳಿದ್ದರೆ ನಿಜ ಹೇಳುತ್ತಿದ್ದಿರಾ ಎಂದು ಅವಳು ತಿರುಗಿ ಕೇಳಿದಳು. ತನ್ನ ಮಗ ಗಾಂಜಾ ಚಟಕ್ಕೆ ಬಿದ್ದು, ಈಗ ಬಾಗಲೂರಿನ ಆಚೆ ಅದನ್ನು ಬಿಡಿಸುವ ಒಂದು ಕೇಂದ್ರದಲ್ಲಿದ್ದಾನೆ ಎಂದಳು. ಕಾಲೇಜಿಗೆ ಹೋಗುತ್ತಿದ್ದಾನೆ ಎಂದೇ ಬೀದಿಯವರೆಲ್ಲ ತಿಳಿದಿದ್ದೆವು. ಅವನಿಗೆ ಅದರ ಪೊಟ್ಟಣ ಸಿಗುತ್ತಿದ್ದುದು ಎಲ್ಲೋ ದೂರದಲ್ಲಲ್ಲ, ಇಂಥದೇ ಬೀದಿಯ ಇಂಥದೇ ಮನೆಯಿಂದ. ಆ ಮನೆಯಲ್ಲೂ ವಯಸ್ಸಾದವರೊಬ್ಬರು ಇದ್ದರು. ಅಡುಗೆ ಮಾಡುತ್ತ ದಿನವೂ ನಮ್ಮ ಕಿಟಕಿಯ ಬೆಳಕು ನೋಡುವಾಗ, ಮಗ ವಾಪಸು ಬಂದಮೇಲೆ ಎದುರಿಗೇ ಇದು ಇರುತ್ತದಲ್ಲ ಎಂದು ಒಲೆ ಮುಂದೆ ನಿಲ್ಲಲಾಗುತ್ತಿರಲಿಲ್ಲವಂತೆ.

ಅಪ್ಪ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ಅವರು ಬೈಯುತ್ತಾರೆ ಎಂದುಕೊಂಡೆ. ಬನ್ನಿ ಎಂದು ಅವಳನ್ನು ಕೋಣೆಗೆ ಕರೆದುಕೊಂಡು ಹೋದರು. ಹಿಂದಿನ ರ್‍ಯಾಕಿನವರೆಗೂ ಹೋಗಿ ನೋಡಿ ಎಂದರು. ಅವಳು ಹೋದಳು. ಪ್ರತಿ ಕುಂಡದ ಮುಂದೆ ಬಗ್ಗಿ, ಕಾನ್‌ಸ್ಟೆಬಲ್‌ಗಿಂತ ಹೆಚ್ಚು ಹೊತ್ತು ನೋಡಿದಳು. ಬಟ್ಟೆ ಕಟ್ಟಿದ ಗಿಡಗಳ ಬಳಿ ಬಂದಾಗ ಮಾತ್ರ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

ಮಗ ಹೇಗಿದ್ದಾನೆ ಎಂದು ಅಪ್ಪ ಕೇಳಿದರು.

"ಗೊತ್ತಿಲ್ಲ. ಅಲ್ಲಿ ಫೋನ್ ಕೊಡಲ್ಲ."

ಹೊರಡುವಾಗ ಸೋಫಾದ ಮೇಲಿದ್ದ ಪರದೆ ಅವಳ ಕಣ್ಣಿಗೆ ಬಿತ್ತು. ಅದು ಆ ಕಿಟಕಿಗಾ ಎಂದಳು. ಹೌದೆಂದೆ.

"ಹಾಕ್ಬೇಡಿ. ಮುಚ್ಚಿದ್ರೆ ಮತ್ತೆ ತಲೆಯಲ್ಲಿ ಏನೇನೋ ಬರುತ್ತೆ. ಕಾಣ್ತಿರ್ಲಿ," ಎಂದಳು.

ಅವಳಿಗೆ ಆ ಹಕ್ಕು ಕೊಟ್ಟವರು ಯಾರು ಎಂದು ನನಗನ್ನಿಸಿತು. ಅಪ್ಪ ಆಗಲಿ ಎಂದುಬಿಟ್ಟರು. ಮರುದಿನ ಪರದೆಯನ್ನು ಅಂಗಡಿಗೆ ವಾಪಸು ಕೊಟ್ಟುಬಂದೆ.

ಓನರ್ ಮನೆ ಖಾಲಿ ಮಾಡಿಸುವ ಮಾತಾಡಿದರು, ಒಂದು ವಾರ ಮುಖ ಊದಿಸಿಕೊಂಡಿದ್ದರು. ಕೊನೆಗೆ ತೂತುಗಳಿಗೆ ಸಿಮೆಂಟ್ ಹಾಕಿಸಿ ದೀಪಗಳನ್ನು ರ್‍ಯಾಕಿಗೇ ಕಟ್ಟಿಕೊಳ್ಳಬೇಕೆಂದು ಹೇಳಿ ಸುಮ್ಮನಾದರು. ಬೇರು ಕದಲಿದ ಕೆಲವು ಸಸಿಗಳು ಬಾಡಿ ಸತ್ತವು. ತುದಿ ಮುರಿದವು ಮುರಿದ ಜಾಗದ ಕೆಳಗೆ ಎರಡೆರಡು ಕವಲೊಡೆದವು. ಅಪ್ಪ ನನ್ನ ಜೊತೆ ಮೊದಲಿನಂತೆ ಮಾತಾಡಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಒಂದು ಬೆಳಿಗ್ಗೆ ಕೋಣೆಯಿಂದ ಕೂಗಿ, ಈ ಕಾಂಡ ಹಿಡಿದುಕೋ, ಕಡ್ಡಿ ಕಟ್ಟಬೇಕು ಎಂದರು. ಹೋಗಿ ಹಿಡಿದುಕೊಂಡೆ.

ಎದುರು ಮನೆಯ ಹುಡುಗ ದಸರೆ ಕಳೆದ ಮೇಲೆ ಮನೆಗೆ ಬಂದ. ಈಗ ಯಲಹಂಕದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಅವನು ಬಸ್ ಸ್ಟಾಪಿಗೆ ನಡೆಯುವಾಗ ಅವನ ತಾಯಿ ತರಕಾರಿ ಚೀಲ ಹಿಡಿದು ಸ್ವಲ್ಪ ಹಿಂದೆ ನಡೆಯುತ್ತಾಳೆ. ಅವನಿಗೂ ಅದು ಗೊತ್ತು, ತಿರುಗಿ ನೋಡುವುದಿಲ್ಲ. ಬಸ್ಸು ಹೊರಟಮೇಲೆ ಅವಳು ಚೀಲವನ್ನು ಖಾಲಿಯಾಗಿಯೇ ಮಡಚಿಕೊಂಡು ವಾಪಸು ಬರುತ್ತಾಳೆ. ಆಫೀಸಿಗೆ ಹೊರಟ ನಾನು ಎದುರಾದರೆ, ಇವತ್ತು ನೀರಿನ ಟ್ಯಾಂಕರ್ ಬಂತಾ ಎಂದು ಕೇಳುತ್ತಾಳೆ.